ಮೊದಲು ಸವೆದ ನೋಟು ಕೊಳ್ಳು, ಪುಟ್ಟೀ

ಬಾರ್ಬಡೋಸಿನ ಸ್ಪೆಸಿಮೆನ್ ನೋಟುಗಳನ್ನು ಕೂಡಿಸಲು ಹೊರಟಿದ್ದೀಯಂತೆ, ನಿಮ್ಮಮ್ಮ ಹೇಳಿದಳು. “ಅಣ್ಣಾ, ಬಾಡಿಗೆ ಕಟ್ಟೋ ದುಡ್ಡಲ್ಲಿ ಖರ್ಚು ಮಾಡಕ್ಕಾಗದ ದುಡ್ಡು ಕೊಳ್ತಾಳಂತೆ” ಅಂತ ಗೊಣಗಿಯೂ ಗೊಣಗಿದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೂ ನನಗೆ ಖುಷಿಯಾಯಿತು. ಹಲಸೂರಿನಿಂದ ಎಂ.ಜಿ. ರಸ್ತೆಗೆ ಹೋಗಿ ಬ್ಯಾಂಕಿನ ವಿದೇಶಿ ವಿನಿಮಯದ ಕೌಂಟರಿನಲ್ಲಿ ಕೂತು ಊರೂರ ನೋಟು ಎಣಿಸಿದ ಕೈ ಇದು. ಅದಕ್ಕೇ ಎರಡು ಮಾತು ಹೇಳುತ್ತೇನೆ, ಕೇಳಿಸಿಕೋ.

ಸ್ಪೆಸಿಮೆನ್ ಅನ್ನು ಈಗಲೇ ಕೊಳ್ಳಬೇಡ. ಮೊದಲು ಅದೇ ದೇಶದ ಸಾದಾ ನೋಟು ಕೊಳ್ಳು, ಅದೂ ಹತ್ತಾರು ಕೈ ದಾಟಿ ಸವೆದದ್ದು. 1975ರಿಂದ ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬ ಲೆಕ್ಕ ಇವತ್ತಿಗೂ ಅಲುಗಿಲ್ಲ. ಅಂದರೆ ಅಲ್ಲಿಯ ಐದರ ನೋಟಿನ ಮುಖಬೆಲೆ ಎರಡೂವರೆ ಡಾಲರ್. ಮಾರುವವನ ಲಾಭ ಸೇರಿಸಿದರೂ ನೀನು ಇಂದಿರಾನಗರದಲ್ಲಿ ಒಂದು ಕಾಫಿಗೆ ಸುರಿಯುವ ದುಡ್ಡಿಗಿಂತ ಬಹಳ ಹೆಚ್ಚಾಗಲಿಕ್ಕಿಲ್ಲ. ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡು, ಬೆರಳಲ್ಲಿ ಸವರು, ಭೂತಗನ್ನಡಿಯಲ್ಲಿ ಗೆರೆ ಗೆರೆ ನೋಡು. ಅಸಲಿ ಕಾಗದ ಹೇಗಿರುತ್ತದೆ, ಅಸಲಿ ಮುದ್ರಣ ಹೇಗೆ ಉಬ್ಬಿರುತ್ತದೆ ಎಂಬುದು ಬೆರಳಿಗೆ ಗೊತ್ತಾಗಬೇಕು. ಅದು ಗೊತ್ತಿಲ್ಲದವರನ್ನೇ ಮಾರುವವರು ಹುಡುಕುತ್ತಿರುತ್ತಾರೆ.

ಸ್ಪೆಸಿಮೆನ್ ಅಂದರೇನು ನೋಡು. ಹೊಸ ನೋಟು ಹೊರಡಿಸುವಾಗ ‘ನಮ್ಮ ನೋಟು ಹೀಗಿರುತ್ತದೆ, ಗುರುತಿಟ್ಟುಕೊಳ್ಳಿ’ ಅಂತ ಬ್ಯಾಂಕುಗಳಿಗೆ, ಬೇರೆ ದೇಶಗಳ ಅಧಿಕಾರಿಗಳಿಗೆ ಕಳಿಸುವ ಮಾದರಿ. ಸಾಮಾನ್ಯವಾಗಿ ಸಂಖ್ಯೆಯ ಜಾಗದಲ್ಲಿ ಬರೀ ಸೊನ್ನೆಗಳು, ಮೇಲೆ ಕೆಂಪಕ್ಷರದಲ್ಲಿ ‘ಸ್ಪೆಸಿಮೆನ್’, ಬಹಳಷ್ಟರಲ್ಲಿ ಸಹಿಯ ಹತ್ತಿರ ಚುಚ್ಚಿದ ತೂತುಗಳು. ಬಾರ್ಬಡೋಸಿನ ನೋಟು ಅಚ್ಚಾಗುವುದು ಇಂಗ್ಲೆಂಡಿನ ಡೆ ಲಾ ರೂ ಕಂಪನಿಯಲ್ಲಿ. ಅವರ ಹಳೆಯ ಮಾದರಿಗಳ ಮೂಲೆಯಲ್ಲಿ ಕಂಪನಿಯ ಮೊಟ್ಟೆಯಾಕಾರದ ಮುದ್ರೆಯೂ ಇರುವುದುಂಟು.

ಮೋಸ ನಡೆಯುವುದು ಇಲ್ಲೇ. ಸಾದಾ ನೋಟಿನ ಮೇಲೆ ರಬ್ಬರ್ ಸ್ಟಾಂಪ್ ಒತ್ತಿ ಸ್ಪೆಸಿಮೆನ್ ಅಂತ ಮಾರುತ್ತಾರೆ. ಸಂಖ್ಯೆ ಸೊನ್ನೆಯಲ್ಲದೆ ಬೇರೆ ಇದ್ದರೆ, ನಡುವೆ ಮಡಿಕೆ ಬಿದ್ದಿದ್ದರೆ, ಮಸಿ ಕಾಗದದ ಎಳೆಗುಂಟ ಹರಡಿದ್ದರೆ ಅನುಮಾನಪಡು. ಬ್ಯಾಂಕಿನ ಫೈಲಿನಲ್ಲಿ ಮಲಗಿದ್ದ ನೋಟಿಗೆ ಜೇಬಿನ ಮಡಿಕೆ ಎಲ್ಲಿಂದ ಬರಬೇಕು? ಹಾಗಂತ ಸೊನ್ನೆ ಇಲ್ಲದ್ದೆಲ್ಲ ಸುಳ್ಳೂ ಅಲ್ಲ. 1970ರ ದಶಕದ ಕೊನೆಗೆ ಅಮೆರಿಕದ ಫ್ರಾಂಕ್ಲಿನ್ ಮಿಂಟ್ ಕಂಪನಿ ಜಮೈಕಾದಂಥ ಹಲವು ದೇಶಗಳ ಸ್ಪೆಸಿಮೆನ್‌ಗಳನ್ನು ಸಂಗ್ರಾಹಕರಿಗೆಂದೇ ಸೆಟ್ಟು ಮಾಡಿಸಿ ಮಾರಿತು. ಅವುಗಳ ಸಂಖ್ಯೆಯ ಮುಂದೆ ಮಾಲ್ಟೀಸ್ ಶಿಲುಬೆಯ ಗುರುತಿದೆ. ಅಸಲಿಯೇ, ಆದರೆ ಯಾವ ಬ್ಯಾಂಕಿನ ಮೇಜನ್ನೂ ಕಂಡವಲ್ಲ. ನನಗೆ ಅವುಗಳ ಮೇಲೆ ಅಷ್ಟು ಪ್ರೀತಿಯಿಲ್ಲ. ನಿನಗಿದ್ದರೆ ಕೊಳ್ಳು, ಬೆಲೆ ಮಾತ್ರ ಬ್ಯಾಂಕಿನ ಮಾದರಿಯಷ್ಟು ಕೊಡಬೇಡ.

ಬಾರ್ಬಡೋಸನ್ನೇ ಯಾಕೆ ಆರಿಸಿದೆ ಅಂತ ನಾನು ಕೇಳಲಿಲ್ಲ. ಕೇಳದಿದ್ದರೂ ಆ ಐದರ ನೋಟಿನ ಮೇಲಿರುವ ಮುಖ ಯಾರದು ಅಂತ ನಿನಗೆ ಹೇಳಲೇಬೇಕು: ಸರ್ ಫ್ರಾಂಕ್ ವೊರೆಲ್. ಮಂತ್ರಿಯಲ್ಲ, ರಾಣಿಯಲ್ಲ, ಕ್ರಿಕೆಟಿಗ. 1962ರಲ್ಲಿ ಬ್ರಿಜ್‌ಟೌನ್‌ನಲ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿದು ಪ್ರಾಣಕ್ಕೇ ಬಂದಾಗ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ತಂಡದ ಈ ನಾಯಕನೂ ಒಬ್ಬ. ಕೋಲ್ಕತ್ತದಲ್ಲಿ ಅವನ ಹೆಸರಲ್ಲಿ ಇಂದಿಗೂ ಫೆಬ್ರುವರಿ 3ಕ್ಕೆ ರಕ್ತದಾನ ನಡೆಯುತ್ತದೆ. ಎರಡರ ನೋಟಿನ ಮೇಲಿರುವವನು ಜಾನ್ ಬೊವೆಲ್, ಕಬ್ಬಿನ ತಳಿ ಬೆಳೆಸಿದವನು. ಮಂಡ್ಯದ ಕಡೆಯವರು ಕೇಳಿದರೆ ಮೆಚ್ಚಿಯಾರು. ಅದೇ ದ್ವೀಪದ ಗಾರ್ಡನ್ ಗ್ರೀನಿಜ್ ತನ್ನ ಮೊದಲ ಟೆಸ್ಟ್ ಆಡಿದ್ದು ನಮ್ಮೂರಿನಲ್ಲೇ, 1974ರ ನವೆಂಬರಿನಲ್ಲಿ. ಬೆಂಗಳೂರಿಗೂ ಅದು ಮೊದಲ ಟೆಸ್ಟು. ಮೊದಲ ಸರದಿಯಲ್ಲಿ 93, ಎರಡನೆಯದರಲ್ಲಿ 107. ನಾವು ಚೆನ್ನಾಗಿಯೇ ಸೋತೆವು ಬಿಡು. ನೋಟಿನ ಹಿಂದಿನ ಇಂಥ ಕಥೆ ತಿಳಿಯದೆ ಕಾಗದ ಗುಡ್ಡೆ ಹಾಕುವುದಾದರೆ ಗುಜರಿಯವನಿಗೂ ನಿನಗೂ ಏನು ವ್ಯತ್ಯಾಸ?

ಇನ್ನು, ಒಂದು ಶನಿವಾರ ಕೆ.ಆರ್. ಪುರದಿಂದ ನೇರಳೆ ಮೆಟ್ರೋ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿ. ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರು ಕಟ್ಟಿರುವ ಭಾರತೀಯ ಕಾಗದದ ಹಣದ ಮ್ಯೂಸಿಯಂ ಇದೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ ಕೇಳು. ಅವರಿಗೆ ಈ ಗೀಳು ಹತ್ತಿದ್ದು ಅಜ್ಜನ ತಿಜೋರಿಯಲ್ಲಿ ಸಿಕ್ಕ, ‘ಪಾಕಿಸ್ತಾನ ಸರ್ಕಾರ’ ಎಂದು ಅಚ್ಚಾಗಿದ್ದ ಭಾರತದ ನೋಟುಗಳಿಂದ. ದೇಶ ಒಡೆದ ಮೇಲೆ 1948ರ ಜೂನ್ ತನಕ ಆ ದೇಶಕ್ಕೂ ನಮ್ಮ ರಿಸರ್ವ್ ಬ್ಯಾಂಕೇ ನೋಟು ಒದಗಿಸುತ್ತಿತ್ತು. ಅವರು ಭಾರತದ ನೋಟಿಗೆ ಅಂಟಿಕೊಂಡೇ ಇಷ್ಟು ಆಳಕ್ಕೆ ಇಳಿದರು. ನೀನೂ ಹಾಗೆ ಬಾರ್ಬಡೋಸಿಗೆ ಅಂಟಿಕೋ. ‘ಟ್ರಿನಿಡಾಡಿನದ್ದು ಅಗ್ಗಕ್ಕಿದೆ, ಬಹಾಮಾಸಿನದ್ದು ಚೆಂದ’ ಅಂತ ಯಾರೇ ಪುಸಲಾಯಿಸಲಿ. ಬಾರ್ಬಡೋಸ್ ಸ್ವಂತ ನೋಟು ಹೊರಡಿಸಿದ್ದೇ 1973ರಲ್ಲಿ. 2022ರಲ್ಲಿ ಬಂದ ಪಾಲಿಮರ್ ನೋಟಿನವರೆಗೆ ಐವತ್ತು ವರ್ಷವೂ ಇಲ್ಲ. ಒಬ್ಬಳೇ ಕೂತು ಓದಿ ಮುಗಿಸಬಹುದಾದಷ್ಟು ಚಿಕ್ಕ ಚರಿತ್ರೆ.

ಇಡುವ ವಿಷಯ. ಲ್ಯಾಮಿನೇಷನ್ ಬೇಡ, ಇಸ್ತ್ರಿ ಬೇಡ, ಸೆಲ್ಲೋಟೇಪ್ ಬೇಡವೇ ಬೇಡ. ಅಂಗಡಿಯ ಮೆತ್ತನೆಯ ಪಿವಿಸಿ ಕವರಿನ ಎಣ್ಣೆಯಂಶ ಕಾಗದಕ್ಕೆ ಇಳಿಯುತ್ತದೆ. ಪಾಲಿಯೆಸ್ಟರ್ ಕವರನ್ನೇ ಕೇಳಿ ತಗೋ. ಮಳೆಗಾಲದಲ್ಲಿ ಗೋಡೆಗೆ ಒರಗಿದ ಬೀರುವಿನಲ್ಲಿ ಇಡಬೇಡ.

ಕಾನೂನೂ ಸ್ವಲ್ಪ ಗೊತ್ತಿರಲಿ. ನಮ್ಮಂಥವರು ವಿದೇಶಿ ನೋಟನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಟ್ಟು ಎರಡು ಸಾವಿರ ಅಮೆರಿಕನ್ ಡಾಲರಿನ ಮಿತಿಯಿದೆ. 2016ರಲ್ಲಿ ರದ್ದಾದ ನಮ್ಮದೇ ಐನೂರು, ಸಾವಿರದ ನೋಟುಗಳನ್ನಂತೂ ಸಂಗ್ರಹಕ್ಕೆಂದರೂ ಇಪ್ಪತ್ತೈದಕ್ಕಿಂತ ಹೆಚ್ಚು ಇಡುವಂತಿಲ್ಲ. ಯಾರ ಹತ್ತಿರ ಕೊಂಡರೂ ಬಿಲ್ ಕೇಳು. ಕೊಡಲ್ಲ ಅಂದವನ ನೋಟು ಎಷ್ಟು ಚೆಂದವಿದ್ದರೂ ಅಲ್ಲೇ ಬಿಟ್ಟು ಬಾ.

ಭೂತಗನ್ನಡಿಗೆ ದುಡ್ಡು ಹಾಕಬೇಡ. ನನ್ನ ಬ್ಯಾಂಕಿನ ಕಾಲದ್ದು ಮೇಜಿನ ಖಾನೆಯಲ್ಲಿದೆ. ಭಾನುವಾರ ಊಟಕ್ಕೆ ಬಾ, ತಗೊಂಡು ಹೋಗುವೆಯಂತೆ. ಬರುವಾಗ ವೊರೆಲ್ ನೋಟು ಸಿಕ್ಕಿದ್ದರೆ ನನಗೂ ತೋರಿಸು.