ನೀಲಿ ಫಲಕದ ರಸ್ತೆಗಳು

ಅಮೆರಿಕದ ಸ್ಯಾನ್ ಡಿಯೆಗೊ ನಗರದಿಂದ ಪೂರ್ವಕ್ಕೆ ಹೊರಟು ಬೆಟ್ಟಸಾಲು ದಾಟಿ ಆಚೆ ಇಳಿದರೆ ಸಿಗುವುದು ಆನ್ಸಾ-ಬೊರೇಗೊ ಮರುಭೂಮಿ. ಕ್ಯಾಲಿಫೋರ್ನಿಯಾದ ಅತಿ ದೊಡ್ಡ ರಾಜ್ಯ ಉದ್ಯಾನವೂ ಇದೇ. ಮಳೆ ಚೆನ್ನಾಗಿ ಬಿದ್ದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಹೂವು ನೋಡಲು ಜನ ಇಲ್ಲಿಗೆ ಮುಗಿಬೀಳುತ್ತಾರೆ. ಮೊದಲ ಸಲ ಬರುವವರಿಗೆ ಗಾಬರಿಯಾಗುವುದು ಸಹಜ. ಎಷ್ಟು ದೂರ ಹೋದರೂ ಊರಿಲ್ಲ, ಅಂಗಡಿಯಿಲ್ಲ, ದಾರಿ ಕೇಳೋಣವೆಂದರೆ ನರಪಿಳ್ಳೆಯಿಲ್ಲ. ಬಹಳ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಇಂಥ ಜಾಗದಲ್ಲಿ ನಿಮ್ಮ ಕೈಹಿಡಿಯುವುದು ರಸ್ತೆಯ ನಂಬರು. ಅದನ್ನು ಓದುವುದನ್ನು ನಿಧಾನವಾಗಿ ಕಲಿಯೋಣ.

ಮೊದಲು ಫಲಕದ ಆಕಾರ ನೋಡಿ. ಕೆಂಪು-ನೀಲಿ ಗುರಾಣಿಯಿದ್ದರೆ ಅದು ಇಂಟರ್‌ಸ್ಟೇಟ್, ರಾಜ್ಯದಿಂದ ರಾಜ್ಯಕ್ಕೆ ಓಡುವ ಹೆದ್ದಾರಿ. ಹಸಿರು ಫಲಕ ಗಣಿಗಾರರ ಸಲಿಕೆಯ ಆಕಾರದಲ್ಲಿದ್ದರೆ ರಾಜ್ಯ ಹೆದ್ದಾರಿ. ಚಿನ್ನ ಹುಡುಕಿಕೊಂಡು ಬಂದವರ ನೆನಪಿಗೆ ಆ ಆಕಾರ. ಐದು ಮೂಲೆಯ ನೀಲಿ ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ಕೌಂಟಿ ರಸ್ತೆ. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಈ ರಸ್ತೆಯನ್ನು ನೋಡಿಕೊಳ್ಳುವ ಹೊಣೆ ಅದರದೇ. ಕ್ಯಾಲಿಫೋರ್ನಿಯಾದಲ್ಲಿ ಈ ಏರ್ಪಾಡು ಶುರುವಾದದ್ದು 1958ರಲ್ಲಿ. ನಂಬರಿನ ಮುಂದಿನ ಅಕ್ಷರ ರಾಜ್ಯದ ಯಾವ ಭಾಗವೆಂದು ಹೇಳುತ್ತದೆ: 'ಎ' ಎಂದರೆ ಉತ್ತರದ ತುದಿ, 'ಎಸ್' ಎಂದರೆ ದಕ್ಷಿಣ. ಎಲ್ಲ ಕೌಂಟಿ ರಸ್ತೆಗಳಿಗೂ ಇಂಥ ನಂಬರಿಲ್ಲ. ಮುಖ್ಯವಾದ ಕೆಲವಕ್ಕೆ ಮಾತ್ರ ಇದೆ.

ಈ ಮರುಭೂಮಿಗೆ ಬೇಕಾದವು ಮೂರು: ಎಸ್2, ಎಸ್3, ಎಸ್22. ಮೂರೂ ಡಾಂಬರು ರಸ್ತೆಗಳೇ.

ಎಸ್2 ನನಗೆ ಅತಿ ಪ್ರಿಯವಾದದ್ದು. ವಾರ್ನರ್ ಸ್ಪ್ರಿಂಗ್ಸ್ ಹತ್ತಿರ 79ನೇ ರಾಜ್ಯ ಹೆದ್ದಾರಿಯಿಂದ ಕವಲೊಡೆದು, ಸುಮಾರು 65 ಮೈಲಿ ಆಗ್ನೇಯಕ್ಕೆ ಇಳಿದು, ಓಕೊಟಿಯೊ ಎಂಬ ಪುಟ್ಟ ಊರಿನ ಬಳಿ ಇಂಟರ್‌ಸ್ಟೇಟ್ 8ನ್ನು ಸೇರುತ್ತದೆ. ದಾರಿಯಲ್ಲಿ ಹೆಚ್ಚು ಊರುಗಳಿಲ್ಲದ ಕಾರಣ ಇಲ್ಲಿ ಜಾಗ ಗುರುತಿಸುವುದು ಮೈಲಿ ಲೆಕ್ಕದಲ್ಲಿ. ಉತ್ತರದ ತುದಿಯಿಂದ ಎಣಿಸಿದರೆ ಬ್ಲೇರ್ ಕಣಿವೆ ಸುಮಾರು 23ನೇ ಮೈಲಿ, ಬಾಕ್ಸ್ ಕ್ಯಾನ್ಯನ್ 26ಕ್ಕೆ ತುಸು ಮುಂಚೆ, ವಾಯೆಸಿಟೊ ಸುಮಾರು 35. ರಸ್ತೆಯಂಚಿನ ಮೈಲಿ ಫಲಕ ಕಂಡಾಗಲೆಲ್ಲ ಓದಿ ನೆನಪಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಕಾರು ಕೆಟ್ಟು ನಿಂತು, ಯಾರದೋ ಮೂಲಕ ಸಹಾಯಕ್ಕೆ ಹೇಳಿಕಳಿಸಬೇಕಾಗಿ ಬಂದರೆ "ಎಸ್2, 31ನೇ ಮೈಲಿ" ಎಂದರೆ ಸಾಕು, ಬರುವವರು ನೇರವಾಗಿ ಅಲ್ಲಿಗೇ ಬರುತ್ತಾರೆ. "ಮುಳ್ಳುಗಿಡಗಳ ಪಕ್ಕದಲ್ಲಿದ್ದೇವೆ" ಎಂದರೆ ಯಾರೂ ಹುಡುಕಲಾರರು; ಅಲ್ಲಿರುವುದೆಲ್ಲ ಮುಳ್ಳುಗಿಡಗಳೇ.

ಬಾಕ್ಸ್ ಕ್ಯಾನ್ಯನ್‌ನಲ್ಲಿ ಮಾತ್ರ ದಯವಿಟ್ಟು ನಿಲ್ಲಿಸಿ ಇಳಿಯಿರಿ. ರಸ್ತೆಯ ಪಕ್ಕದಿಂದ ಬಗ್ಗಿ ನೋಡಿದರೆ ಕೆಳಗೆ ಇಕ್ಕಟ್ಟಾದ ಕಲ್ಲಿನ ಕೊರಕಲು ಕಾಣುತ್ತದೆ. 1847ರ ಜನವರಿಯಲ್ಲಿ ಫಿಲಿಪ್ ಸೇಂಟ್ ಜಾರ್ಜ್ ಕುಕ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಮಾರ್ಮನ್ ಬೆಟಾಲಿಯನ್ ಎಂಬ ಸೇನಾ ತುಕಡಿಯವರು ಸರಕಿನ ಬಂಡಿಗಳನ್ನು ಹೊಡೆದುಕೊಂಡು ಇಲ್ಲಿಗೆ ಬಂದರು. ಕಲ್ಲಿನ ಸಂದು ಬಂಡಿಗಿಂತ ಕಿರಿದು. ಬಂಡೆ ಒಡೆಯಲು ತಕ್ಕ ಸಲಕರಣೆ ಕೈಯಲ್ಲಿಲ್ಲ. ಮರ ಕಡಿಯುವ ಕೊಡಲಿಯಲ್ಲೇ ಕಲ್ಲನ್ನು ಕೊಚ್ಚಿ ಕೊಚ್ಚಿ ದಾರಿ ಅಗಲಿಸಿದರು. ಆ ಮೇಲೆ ವಲಸಿಗರು, ಚಿನ್ನದ ಆಸೆಯವರು, 1858ರಿಂದ 1861ರವರೆಗೆ ಬಟರ್‌ಫೀಲ್ಡ್ ಕಂಪನಿಯ ಟಪ್ಪಾಲು ಗಾಡಿಗಳು ಎಲ್ಲವೂ ಇದೇ ಹಾದಿ ಹಿಡಿದವು. ವಾಯೆಸಿಟೊದಲ್ಲಿ ನೀರಿತ್ತು, ಹಾಗಾಗಿ ಅಲ್ಲಿ ತಂಗುದಾಣ; ಈಗಿನ ಕಟ್ಟಡ 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಇವರೆಲ್ಲರಿಗಿಂತ ಬಹಳ ಹಿಂದಿನಿಂದ ಈ ನೆಲದ ನೀರಿನ ಸೆಲೆಗಳನ್ನು ಬಲ್ಲವರು ಕುಮೆಯಾಯ್ ಜನ. ಇಷ್ಟೆಲ್ಲ ನಡೆದ ದಾರಿಗೆ 'ಎಸ್2' ಎಂಬ ಚಿಕ್ಕ ಗುರುತು ಸಾಲದು ಎನ್ನುವವರಿದ್ದಾರೆ. ಆದರೆ ಇರುಳಲ್ಲಿ, ದೀಪದ ಬೆಳಕಲ್ಲಿ, ಓಡುವ ಕಾರಿನಿಂದ ತಟ್ಟನೆ ಓದಲು ಅದಕ್ಕಿಂತ ಒಳ್ಳೆಯದು ಇಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಫಲಕವಿದೆ, ಹಳದಿ ಬಣ್ಣದ್ದು, 'ಡಿಪ್' ಎಂದು ಬರೆದಿರುತ್ತದೆ. ಒಣಹಳ್ಳ ಅಡ್ಡ ಬರುವ ಎಷ್ಟೋ ಕಡೆ ಇಲ್ಲಿ ಸೇತುವೆ ಕಟ್ಟಿಲ್ಲ. ರಸ್ತೆಯೇ ಹಳ್ಳದೊಳಗೆ ಇಳಿದು ಏರುತ್ತದೆ. ಬೇಸಿಗೆಯ ಕೊನೆಯಲ್ಲಿ ದೂರದ ಬೆಟ್ಟದ ಮೇಲೆ ಮಳೆ ಸುರಿದರೆ, ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಆ ಹಳ್ಳದಲ್ಲಿ ಕೆಂಪು ನೀರು ನುಗ್ಗಿ ಬರಬಹುದು. 1976ರ ಸೆಪ್ಟೆಂಬರಿನಲ್ಲಿ ಕ್ಯಾಥ್ಲೀನ್ ಚಂಡಮಾರುತದ ಮಳೆಗೆ ಓಕೊಟಿಯೊ ಊರು ಪ್ರವಾಹಕ್ಕೆ ಸಿಕ್ಕಿತು, ಇಂಟರ್‌ಸ್ಟೇಟ್ ಹೆದ್ದಾರಿಯೇ ಕೊಚ್ಚಿಹೋಯಿತು. ನೀರು ಹರಿಯುತ್ತಿದ್ದರೆ ಇಳಿಯಬೇಡಿ, ದಂಡೆಯಲ್ಲೇ ಕಾಯಿರಿ.

ಬೊರೇಗೊ ಸ್ಪ್ರಿಂಗ್ಸ್ ಊರಿಗೆ ರಾಜ್ಯ ಹೆದ್ದಾರಿ ಹೋಗುವುದೇ ಇಲ್ಲ. ದಕ್ಷಿಣದಿಂದ ಎಸ್3, ಪೂರ್ವ ಪಶ್ಚಿಮಗಳಿಂದ ಎಸ್22. ಪಶ್ಚಿಮದಿಂದ ಬಂದರೆ ಮಾಂಟೆಜೂಮಾ ಘಾಟಿಯ ತಿರುವುಗಳಲ್ಲಿ ಇಳಿಯಬೇಕು, ಕೆಳ ಗೇರಿನಲ್ಲಿ ಬನ್ನಿ, ಬರೀ ಬ್ರೇಕನ್ನೇ ನೆಚ್ಚಬೇಡಿ. ಹೊರಡುವ ಮುನ್ನ ಪೆಟ್ರೋಲ್ ತುಂಬಿಸಿ, ನೀರು ಬೇಕಾದ್ದಕ್ಕಿಂತ ಹೆಚ್ಚೇ ಇಟ್ಟುಕೊಳ್ಳಿ, ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ಎಸ್22ರಿಂದ ಫಾಂಟ್ಸ್ ಪಾಯಿಂಟ್ ಕಡೆಗೆ ಹೊರಳುವ ದಾರಿಯಲ್ಲಿ ನೀಲಿ ಫಲಕವಿಲ್ಲ, ಡಾಂಬರೂ ಇಲ್ಲ. ಸುಮಾರು ನಾಲ್ಕು ಮೈಲಿ ಹಳ್ಳದ ಸಡಿಲ ಮರಳು. ಅಲ್ಲಿಂದ ಕಾಣುವ ಸವೆದ ಮಣ್ಣುದಿಬ್ಬಗಳನ್ನು ನೋಡಲೇಬೇಕು, ನಿಜ. ಆದರೆ ಮರಳಿನ ಸ್ಥಿತಿ ಹೇಗಿದೆಯೆಂದು ಬೊರೇಗೊ ಸ್ಪ್ರಿಂಗ್ಸಿನಲ್ಲಿರುವ ಉದ್ಯಾನದ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ, ಅವರು ಬೇಡವೆಂದರೆ ಹೋಗಬೇಡಿ.