ಉಚಿತ ಬೇರೆ, ಮುಕ್ತ ಬೇರೆ
(ಸದಸ್ಯರ ಅಭ್ಯಾಸ ಪಾಠ)



ಪಠ್ಯಪುಸ್ತಕ, ತರಬೇತಿ ಕೈಪಿಡಿ, ಕೃಷಿ ಪಾಠ ಇವೆಲ್ಲ ಈಗ ಕಾಸಿಲ್ಲದೆ ಮೊಬೈಲಿನಲ್ಲಿಯೇ ದೊರೆಯುತ್ತವೆ. ಹಾಗೆಂದು ಅವನ್ನು ನಮ್ಮ ಸಂಘ ಅಚ್ಚು ಹಾಕಿಸಿ ಹಂಚಬಹುದೇ? ತುಳುವಿಗೋ ಕೊಡವ ಭಾಷೆಗೋ ತಿರುಗಿಸಿ ಕೊಡಬಹುದೇ? ಉಚಿತವಾಗಿ ಸಿಕ್ಕಿದ್ದೆಲ್ಲ ಮುಕ್ತವಲ್ಲ. ಈ ವ್ಯತ್ಯಾಸವನ್ನು ಮೊದಲು ತಿಳಿಯೋಣ.

ಸಂಶೋಧನಾ ಕೇಂದ್ರದಿಂದ ಎಸ್. 795 ಕಾಫಿ ಬೀಜ ತಂದೆವೆನ್ನಿ. ಬಿತ್ತಿ ಬೆಳೆದು, ಮುಂದಿನ ಸಾಲಿಗೆ ಬೀಜ ಆಯ್ದಿಟ್ಟು, ನೆರೆಯವರಿಗೂ ಕೊಡುತ್ತೇವೆ. ಮುಕ್ತ ಪಾಠವೂ ಹಾಗೆಯೇ. ನೋಡುವುದಷ್ಟೇ ಅಲ್ಲ; ಇಟ್ಟುಕೊಳ್ಳಲು, ತಿದ್ದಲು, ಅನುವಾದಿಸಲು, ಹಂಚಲು ಮೊದಲೇ ಒಪ್ಪಿಗೆ ಇರುತ್ತದೆ.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರಹ ಹುಟ್ಟಿದೊಡನೆ ಅದರ ಹಕ್ಕೂ ಹುಟ್ಟುತ್ತದೆ. ಪುಟದಲ್ಲಿ ಏನೂ ಬರೆದಿಲ್ಲವೆಂದರೆ ಹಕ್ಕು ಕಾದಿರಿಸಿದೆ ಎಂದೇ ಅರ್ಥ. ಸರ್ಕಾರದ ಪ್ರಕಟಣೆಗೂ ಸಾಮಾನ್ಯವಾಗಿ 60 ವರ್ಷಗಳ ಹಕ್ಕುಂಟು. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬ ವಿಷಯವನ್ನು ಯಾರೂ ಹೇಳಬಹುದು. ಆದರೆ ಅದನ್ನು ವಿವರಿಸಿದ ಬರಹ, ಚಿತ್ರಗಳನ್ನು ಹಾಗೆಯೇ ಅಚ್ಚು ಹಾಕಲು ಅನುಮತಿ ಬೇಕು. ಈ ಅನುಮತಿಯನ್ನು ಮುಂಚಿತವಾಗಿಯೇ ಬರೆದುಕೊಡುವ ಪದ್ಧತಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಎನ್ನುತ್ತಾರೆ. ಇದು 2002ರಲ್ಲಿ ಬಳಕೆಗೆ ಬಂದಿತು. 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರು ಯುನೆಸ್ಕೋ ಸಭೆಯಲ್ಲಿ ಮೂಡಿದ್ದೂ ಅದೇ ವರ್ಷ.

ಸರ್ಕಾರದ ನೀತಿ

2013ರಲ್ಲಿ ಕೇಂದ್ರ ಸರ್ಕಾರ ಮುಕ್ತ ಪಾಠಗಳ ರಾಷ್ಟ್ರೀಯ ಭಂಡಾರವೊಂದನ್ನು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. ಸಾರ್ವಜನಿಕ ಹಣದಿಂದ ತಯಾರಾದ ಪಾಠಗಳಿಗೆ ಮುಕ್ತ ಪರವಾನಗಿ ಇರುವಂತೆ ಸರ್ಕಾರಗಳು ಉತ್ತೇಜಿಸಬೇಕೆಂದು 2019ರಲ್ಲಿ ಯುನೆಸ್ಕೋ ಶಿಫಾರಸು ಮಾಡಿತು. ತೆರಿಗೆ ಕೊಟ್ಟವರು ನಾವು. ಆ ಹಣದ ಫಲ ನಮ್ಮ ಕೈಗೆ ಬರಬೇಕಾದದ್ದು ನ್ಯಾಯ.

ನಮಗೇಕೆ ಬೇಕು?

ಕಾಫಿ ಕಾಯಿಕೊರಕಕ್ಕೆ ಒಂದು ಕಾಲದಲ್ಲಿ ಎಂಡೋಸಲ್ಫಾನ್ ಶಿಫಾರಸಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅದರಿಂದಾದ ಅನಾಹುತವನ್ನು ದಕ್ಷಿಣ ಕನ್ನಡದವರಿಗೆ ಹೇಳಬೇಕಾಗಿಲ್ಲ. ಹಳೆಯ ಕರಪತ್ರ ಮುಕ್ತವಾಗಿದ್ದರೆ ಆ ಸಾಲನ್ನು ಹೊಡೆದು ಹಾಕಿ ಮರುದಿನವೇ ಅಚ್ಚಿಗೆ ಕೊಡಬಹುದು. ಇಲ್ಲವಾದರೆ ಅನುಮತಿಯ ಪತ್ರಕ್ಕೆ ಕಾಯುತ್ತ ಕೂರಬೇಕು. ಅಷ್ಟರಲ್ಲಿ ಹಳೆಯ ಪ್ರತಿಯೇ ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ಗಮನಿಸಬೇಕಾದ ಅಂಶಗಳು

1. ಪರವಾನಗಿಯನ್ನು ಓದಿರಿ. 'ವಾಣಿಜ್ಯೇತರ' ಎಂದಿದ್ದರೆ ಮಾರಾಟಕ್ಕೆ ಬಾರದು. 'ಬದಲಾವಣೆ ಇಲ್ಲ' ಎಂದಿದ್ದರೆ ಅನುವಾದವನ್ನೂ ಹಂಚಲಾಗದು.

2. ಮೂಲ ಲೇಖಕರ ಹೆಸರು ಹಾಕಿರಿ. ತಿದ್ದಿದ್ದರೆ ತಿದ್ದಿದ್ದೇವೆ ಎಂದು ತಿಳಿಸಿರಿ. ಔಷಧದ ಪ್ರಮಾಣವನ್ನು ತಜ್ಞರಿಗೆ ತೋರಿಸದೆ ಬದಲಿಸಬೇಡಿರಿ. ತಿದ್ದುವ ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ.

3. ಪರವಾನಗಿಯೊಂದೇ ಸಾಲದು. ಪುಟದ ಫೋಟೋ ಮಾತ್ರ ಕೊಟ್ಟರೆ ಅಕ್ಷರ ತಿದ್ದಲಾಗದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕನ್ನಡ ಬೇರೆ ಯಂತ್ರದಲ್ಲಿ ಕಲಸುಮೇಲೋಗರವಾಗುತ್ತದೆ.

4. ಘಟ್ಟದ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪಾಠಗಳನ್ನು ಒಮ್ಮೆ ಇಳಿಸಿಕೊಂಡು ಸಂಘದ ಕಛೇರಿಯಲ್ಲಿಯೂ ಶಾಲೆಯಲ್ಲಿಯೂ ಇಡುವ ಏರ್ಪಾಡು ಬೇಕು.

ಇತರರಿಂದ ಕೇಳುವ ಮೊದಲು ನಾವು ಕೊಡುವುದನ್ನೂ ಕಲಿಯಬೇಕು. ನಮ್ಮ ಸಂಘಗಳ ಕರಪತ್ರಗಳ ಕೆಳಗೆ ಪರವಾನಗಿಯ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿರುವ ಒಂದು ಕೃಷಿ ಕೈಪಿಡಿ ತೆಗೆದು ನೋಡಿರಿ. ಅದು ಉಚಿತವೋ, ಮುಕ್ತವೋ?
2. ಅದರಲ್ಲಿ ಈಗ ತಿದ್ದಬೇಕಾದ ಮಾತು ಯಾವುದು?
3. ಅದನ್ನು ತಿದ್ದಿ ಹಂಚಲು ಯಾರ ಒಪ್ಪಿಗೆ ಬೇಕು?