ಅಗ್ಗದ ವಿಮಾನಯಾನ: ಬೆಲೆಯೂ ಸೇವೆಯೂ

ಚಾರ್ಮಾಡಿ ಘಾಟಿಯ ಬುಡದ ಗ್ರಾಮಸ್ಥರಿಗೆ ಬೆಂಗಳೂರು ಬಹುಕಾಲ ಒಂದು ರಾತ್ರಿಯ ದಾರಿಯಾಗಿತ್ತು. ತಿರುವುಗಳನ್ನೇರಿ, ಕೊಟ್ಟಿಗೆಹಾರ, ಮೂಡಿಗೆರೆಗಳನ್ನು ಹಾದು ಸಾಗುವ ಬಸ್ಸೇ ಅವರ ವಾಹನ. 2019ರ ಆಗಸ್ಟಿನಲ್ಲಿ ಆದಂತೆ, ಗುಡ್ಡ ಕುಸಿದರೆ ಆ ದಾರಿಯೂ ಮುಚ್ಚುವುದುಂಟು. ಬಜಪೆಯಲ್ಲಿ 1951ರಿಂದಲೇ ವಿಮಾನ ನಿಲ್ದಾಣವಿದ್ದರೂ, ಅಲ್ಲಿಂದ ರಾಜಧಾನಿಗೆ ಸುಮಾರು ಒಂದು ಗಂಟೆಯ ಹಾರಾಟವೇ ಆದರೂ, ಸಾಮಾನ್ಯನಿಗೆ ವಿಮಾನವು ತಲೆಯೆತ್ತಿ ನೋಡುವ ವಸ್ತುವಷ್ಟೇ ಆಗಿತ್ತು.

ಈ ಅಂತರವನ್ನು ತಗ್ಗಿಸಲು ಹೊರಟವರು ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯವನ್ನು ಬಿಟ್ಟು ಕೃಷಿಯಲ್ಲಿ ತೊಡಗಿದ್ದ ಅವರು ಸ್ಥಾಪಿಸಿದ ಏರ್ ಡೆಕ್ಕನ್, 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹಾರಾಟವನ್ನಾರಂಭಿಸಿತು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಲಾಂಛನ. ಮಿತಸಂಖ್ಯೆಯ ಆಸನಗಳನ್ನು ಅದು ಒಂದು ರೂಪಾಯಿಗೂ ಮಾರಿತು.

ಈ ಅಗ್ಗದ ಗುಟ್ಟೇನು? ಊಟ, ತಿಂಡಿಗಳು ಬೆಲೆಯಲ್ಲಿ ಸೇರಿಲ್ಲ, ಬೇಕಾದವನು ಕೊಳ್ಳಬೇಕು. ಮೇಲ್ದರ್ಜೆಯಿಲ್ಲ, ಆಸನಗಳು ಒತ್ತೊತ್ತಾಗಿವೆ. ನೆಲದ ಮೇಲೆ ನಿಂತ ವಿಮಾನಕ್ಕೆ ಸಂಪಾದನೆಯಿಲ್ಲವಾದ್ದರಿಂದ, ಇಳಿದ ಅರ್ಧ ಗಂಟೆಯಲ್ಲೇ ಅದು ಮತ್ತೆ ಏರಬೇಕು. ಒಂದೇ ವಿಮಾನ ದಿನಕ್ಕೆ ಹಲವು ಊರುಗಳನ್ನು ಮುಟ್ಟುತ್ತದೆ. ಆದರೆ ಇಲ್ಲಿಯೇ ತೊಡಕೂ ಇದೆ. ಬೆಳಿಗ್ಗೆ ಒಂದೆಡೆ ಮಂಜು ಕವಿದರೆ, ಆ ವಿಳಂಬ ಊರಿಂದೂರಿಗೆ ಸಾಗಿ ಸಂಜೆಯ ಪ್ರಯಾಣಿಕನನ್ನೂ ಕಾಡುತ್ತದೆ. ಬದಲಿ ವಿಮಾನವನ್ನು ಸಿದ್ಧವಿಡುವುದೂ ಖರ್ಚೇ ಅಲ್ಲವೆ?

ಆದ್ದರಿಂದ ಸೌಕರ್ಯ ಬೇರೆ, ಹೊಣೆ ಬೇರೆ ಎಂಬ ವಿವೇಕ ಅವಶ್ಯಕ. ಕಡಿಮೆ ಹಣ ತೆತ್ತವನು ಬಿಸಿಯೂಟವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಆದರೆ ಹೊತ್ತಿಗೆ ಸರಿಯಾದ ಮಾಹಿತಿ, ಹಾರಾಟ ರದ್ದಾದಾಗ ಹಣದ ಮರುಪಾವತಿ, ಸೌಜನ್ಯದ ಒಂದು ಮಾತು, ಇವು ಸೌಕರ್ಯಗಳಲ್ಲ. ಬೆಲೆಯೊಡನೆಯೇ ಬಂದ ಹೊಣೆಗಳು. ಅಗ್ಗದ ಚೀಟಿಯನ್ನು ಕೊಂಡವನೇ ವಿಳಂಬದಿಂದ ಹೆಚ್ಚು ನೊಂದಾನು: ಸಂದರ್ಶನಕ್ಕೆ ಹೊರಟ ಯುವಕನಿಗಾಗಲಿ, ಆಸ್ಪತ್ರೆಗೆ ತಂದೆಯನ್ನು ಕರೆದೊಯ್ಯುವ ಮಗಳಿಗಾಗಲಿ ಮತ್ತೊಂದು ಚೀಟಿ ಕೊಳ್ಳುವ ಶಕ್ತಿಯಿರದು. ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ವಿಳಂಬ, ರದ್ದತಿಗಳ ಬಗ್ಗೆ ವಿಧಿಸಿದ ನಿಯಮಗಳು ಬೆಲೆಯ ಭೇದವಿಲ್ಲದೆ ಎಲ್ಲ ಪ್ರಯಾಣಿಕರಿಗೂ ಅನ್ವಯಿಸಿದ್ದು ಈ ದೃಷ್ಟಿಯಿಂದ ಉಚಿತವೇ ಆಗಿದೆ.

ಮಿತವ್ಯಯದಿಂದ ಇಳಿದ ಬೆಲೆ ನಿಲ್ಲುತ್ತದೆ. ವೆಚ್ಚಕ್ಕಿಂತಲೂ ಕೆಳಗಿಳಿದ ಬೆಲೆ ನಿಲ್ಲದು. ನಷ್ಟದಲ್ಲಿದ್ದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. ಕಿಂಗ್‌ಫಿಷರ್‌ನ ಹಾರಾಟವೂ 2012ರಲ್ಲಿ ನಿಂತಿತು. ಆದರೂ ಸಾಮಾನ್ಯನು ವಿಮಾನವೇರಬಲ್ಲನೆಂಬುದು ಅಷ್ಟರಲ್ಲಿ ಸಿದ್ಧವಾಗಿಹೋಗಿತ್ತು. ಅನಂತರ ಬಂದ ಸಂಸ್ಥೆಗಳು ಅದೇ ಹಾದಿಯಲ್ಲಿ ನಡೆದಿವೆ.

ಕೊಳ್ಳುವವನಿಗೂ ಒಂದು ಕರ್ತವ್ಯವಿದೆ. ಚೀಟಿಯ ಬೆಲೆಯನ್ನು ನೋಡುವ ಕಣ್ಣು ಅದರ ಷರತ್ತುಗಳನ್ನೂ ನೋಡಬೇಕು. ಗಣಿತದ ತರಗತಿಯಲ್ಲಿ ಲಾಭನಷ್ಟಗಳ ಲೆಕ್ಕವನ್ನು ಕಲಿಸುವ ಉಪಾಧ್ಯಾಯರು ಇಂಥ ಚೀಟಿಯೊಂದನ್ನು ಮುಂದಿಟ್ಟು, ಏನನ್ನು ಬಿಟ್ಟುಕೊಟ್ಟು ಎಷ್ಟು ಉಳಿಸಿದೆವೆಂದು ಮಕ್ಕಳಿಂದಲೇ ಎಣಿಸಿದರೆ, ಪಾಠವೂ ಬದುಕೂ ಒಂದೆಡೆ ಕೂಡಿಯಾವು.